ಶಾರ್ಕ್ ಮೀನಿನ ಲಾಡಿಹುಳು: ಹೊಸ ಜಾತಿಯೊಂದನ್ನು ಗುರುತಿಸುವ ಬಗೆ

ಥಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿಮುಂಬಯಿ ನಗರಗಳ ಮೀನುಮಾರುಕಟ್ಟೆಗಳಲ್ಲಿ ಪಾಪ್ಲೆಟ್, ಬೊಂಬಿಲ್, ಸೀಗಡಿಗಳ ನಡುವೆ ಒಂದೂವರೆ ಎರಡು ಅಡಿ ಉದ್ದದ, ಬೂದು ಬಣ್ಣದ, ಚಪ್ಪಟೆ ಮೂತಿಯ ಮೀನೊಂದು ಆಗಾಗ ಕಂಡುಬರುತ್ತದೆ. ಮರಾಠಿ ಭಾಷಿಕರು ಇಂತಹ ಚಿಕ್ಕ ಶಾರ್ಕುಗಳನ್ನು ಮೋರಿ ಅಥವಾ ಮುಶಿ ಎಂದು ಕರೆಯುತ್ತಾರೆ. ಕರ್ನಾಟಕದ ಕರಾವಳಿಯಿಂದ ಬಂದು ಅಲ್ಲಿ ನೆಲೆಸಿದ ಕನ್ನಡಿಗರಿಗೆ ಅದು ತಾಟೆ. ಪ್ರಾಣಿಶಾಸ್ತ್ರಜ್ಞರು ಅದಕ್ಕೆ ಸ್ಕೋಲಿಯೊಡಾನ್ ಲ್ಯಾಟಿಕಾಡಸ್ ಎಂದು ಹೆಸರಿಟ್ಟಿದ್ದಾರೆ. ಗುಜರಾತ್ ಮತ್ತು ಮಹಾರಾಷ್ಟ್ರದ ಕೆಸರುತಳದ ಆಳವಿಲ್ಲದ ಕಡಲಿನಲ್ಲಿ ಅತಿ ಹೆಚ್ಚಾಗಿ ದೊರೆಯುವ ಶಾರ್ಕುಗಳಲ್ಲಿ ಇದೂ ಒಂದು.

ಈ ಮೀನಿನ ಪರಿಚಯ ಮಾರುಕಟ್ಟೆಗಿಂತಲೂ ಹೆಚ್ಚಾಗಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ಆದವರು ನಮ್ಮ ದೇಶದಲ್ಲಿ ಲಕ್ಷಾಂತರ ಮಂದಿ ಇದ್ದಾರೆ. 1928ರಲ್ಲಿ ‘ಭಾರತೀಯ ಪ್ರಾಣಿಶಾಸ್ತ್ರೀಯ ಪ್ರಬಂಧಗಳು’ ಮಾಲೆಯಲ್ಲಿ ಇ. ಎಂ. ತಿಲ್ಲೈಯಂಪಲಂ ಅವರು ಸ್ಕೋಲಿಯೊಡಾನಿನ ಅಂಗರಚನೆಯ ಮೇಲೆ ಬರೆದ ಗ್ರಂಥ ಪ್ರಕಟವಾದ ಮೇಲೆ, ಇದು ಪದವಿ ತರಗತಿಗಳ ಛೇದನಕ್ಕೆ ಆದರ್ಶ ಪ್ರಾಣಿಯಾಗಿ ನೆಲೆಯೂರಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 2014ರಲ್ಲಿ ಪ್ರಾಣಿಛೇದನವನ್ನು ನಿಲ್ಲಿಸುವಂತೆ ಸೂಚಿಸುವವರೆಗೆ ಹಲವು ತಲೆಮಾರುಗಳ ವಿದ್ಯಾರ್ಥಿಗಳು ಫಾರ್ಮಲಿನ್ ವಾಸನೆಯ ನಡುವೆ ಇದರ ಕರುಳನ್ನು ಬಿಡಿಸಿ ನೋಡಿದ್ದಾರೆ. ಕರುಳಿನ ರಚನೆ ಪರೀಕ್ಷೆಯಲ್ಲಿ ಬರುವ ಪ್ರಶ್ನೆಯಾಗಿತ್ತು. ಆದರೆ ಕರುಳಿನ ಮಡಿಕೆಗಳಲ್ಲಿ ಅಂಟಿಕೊಂಡಿರಬಹುದಾದ ಬಿಳಿಯ ನೂಲೆಳೆಯಂತಹ ಹುಳುಗಳು ಪಠ್ಯಕ್ರಮದೊಳಗೆ ಸೇರಿರಲಿಲ್ಲ. ಆದ್ದರಿಂದ ಅವುಗಳನ್ನು ಪ್ರತ್ಯೇಕವಾಗಿ ನೋಡುವ ಸಂದರ್ಭ ಹೆಚ್ಚಿನವರಿಗೆ ಒದಗಲಿಲ್ಲ.

ಆ ನೂಲೆಳೆಗಳೇ ಲಾಡಿಹುಳುಗಳು. ಅವುಗಳಲ್ಲಿ ಒಂದು ಹೊಸ ಜಾತಿಯನ್ನು ಗುರುತಿಸಿ, ವರ್ಣಿಸಿ, ಹೆಸರಿಡುವುದು ಹೊರನೋಟಕ್ಕೆ ತೋರುವಷ್ಟು ಸರಳವಾದ ಕೆಲಸವಲ್ಲ. ಹುಳುವನ್ನು ಗುರುತಿಸುವ ಮೊದಲು ಅದು ವಾಸಿಸುವ ಶಾರ್ಕನ್ನು ತಪ್ಪಿಲ್ಲದೆ ಗುರುತಿಸಬೇಕಾಗುತ್ತದೆ. ಈ ಶಾಖೆಯ ಶತಮಾನದ ಇತಿಹಾಸದಲ್ಲಿ ಹೆಚ್ಚಿನ ಎಡವಟ್ಟುಗಳು ನಡೆದಿರುವುದು ಇಲ್ಲಿಯೇ.

ಬಾಯಿಯಿಲ್ಲದ ಅತಿಥಿ

ಲಾಡಿಹುಳುವಿಗೆ ಬಾಯಿಯೂ ಇಲ್ಲ, ಕರುಳೂ ಇಲ್ಲ. ಆತಿಥೇಯ ಪ್ರಾಣಿ ಜೀರ್ಣಿಸಿದ ಆಹಾರವನ್ನು ಅದು ತನ್ನ ಮೈಚರ್ಮದ ಮೂಲಕವೇ ಹೀರಿಕೊಳ್ಳುತ್ತದೆ. ತಲೆಯ ಭಾಗಕ್ಕೆ ಸ್ಕೋಲೆಕ್ಸ್ ಎಂದು ಹೆಸರು. ಅದರ ಹಿಂದೆ ಸಾಲಾಗಿ ಜೋಡಣೆಗೊಂಡಿರುವ ಖಂಡಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣು ಎರಡೂ ಬಗೆಯ ಜನನಾಂಗಗಳಿರುತ್ತವೆ. ಹಂದಿಯ ಮತ್ತು ದನದ ಮಾಂಸದ ಮೂಲಕ ಮನುಷ್ಯರಿಗೆ ತಗಲುವ ಲಾಡಿಹುಳುಗಳು ಹಲವು ಮೀಟರುಗಳಷ್ಟು ಬೆಳೆಯುತ್ತವೆ. ಶಾರ್ಕಿನ ಲಾಡಿಹುಳುಗಳ ಪೈಕಿ ಅನೇಕವು ಕೆಲವೇ ಮಿಲಿಮೀಟರ್ ಉದ್ದದವು. ಬರಿಗಣ್ಣಿಗೆ ಅವು ಲೋಳೆಯ ಎಳೆಗಳಂತೆ ತೋರಬಹುದು.

ಶಾರ್ಕ್ ಮತ್ತು ತೊರಕೆ ಮೀನುಗಳ ಕರುಳು ಉದ್ದವಾಗಿಲ್ಲ. ಆ ಕೊರತೆಯನ್ನು ತುಂಬಲು ಅದರೊಳಗೆ ಸುರುಳಿ ಕವಾಟವಿದೆ. ಸ್ಕೋಲಿಯೊಡಾನಿನಲ್ಲಿ ಅದು ಸುತ್ತಿಟ್ಟ ಚಾಪೆಯಂತಿದ್ದರೆ, ಇತರ ಹಲವು ಶಾರ್ಕುಗಳಲ್ಲಿ ಸುರುಳಿ ಮೆಟ್ಟಿಲಿನಂತಿದೆ. ಆಹಾರ ನಿಧಾನವಾಗಿ ಸುತ್ತಿ ಸಾಗುವ ಈ ಓಣಿಗಳು ಲಾಡಿಹುಳುಗಳಿಗೆ ಹೇಳಿ ಮಾಡಿಸಿದ ವಾಸಸ್ಥಾನ. ಜಾರಿಹೋಗದಂತೆ ಹಿಡಿದುಕೊಳ್ಳಲು ಒಂದೊಂದು ಗುಂಪಿನ ಹುಳುವೂ ತನ್ನದೇ ಉಪಕರಣವನ್ನು ರೂಪಿಸಿಕೊಂಡಿದೆ: ಎಲೆಯಂತಹ ಹೀರುಬಟ್ಟಲು, ಜೋಡಿ ಕೊಕ್ಕೆ, ಸ್ಪಂಜಿನಂತಹ ತಲೆದಿಂಬು, ಮುಳ್ಳು ತುಂಬಿದ ನಾಲ್ಕು ಚಾವಟಿಗಳು. ಲಾಡಿಹುಳುಗಳನ್ನು ವಿಜ್ಞಾನಿಗಳು 19 ಗಣಗಳಾಗಿ ವಿಂಗಡಿಸುತ್ತಾರೆ. ಅವುಗಳಲ್ಲಿ 9 ಗಣಗಳು ಪ್ರೌಢಾವಸ್ಥೆಯಲ್ಲಿ ಶಾರ್ಕ್ ಮತ್ತು ತೊರಕೆಗಳ ದೇಹದಲ್ಲಿ ಜೀವಿಸುತ್ತವೆ.

ಹುಳುವಿನ ಮೊಟ್ಟೆ ಶಾರ್ಕಿನ ಮಲದೊಡನೆ ಕಡಲಿಗೆ ಸೇರುತ್ತದೆ. ಮರಿಹುಳು ಮೊದಲು ಅತಿ ಚಿಕ್ಕ ಜಲಚರವೊಂದರ ಒಡಲನ್ನೂ, ಅನಂತರ ಅದನ್ನು ತಿಂದ ಸೀಗಡಿ, ಚಿಪ್ಪುಜೀವಿ ಅಥವಾ ಮೀನಿನ ಒಡಲನ್ನೂ ಹೊಕ್ಕು, ಕೊನೆಗೆ ಅದನ್ನು ಶಾರ್ಕ್ ನುಂಗಿದಾಗ ಪ್ರೌಢವಾಗುತ್ತದೆ. ಸಂಪೂರ್ಣ ಜೀವನಚಕ್ರ ತಿಳಿದಿರುವ ಪ್ರಭೇದಗಳು ಮಾತ್ರ ಬೆರಳೆಣಿಕೆಯಷ್ಟು.

ಇಲ್ಲಿ ಗೃಹಿಣಿಯರ ಮನಸ್ಸಿನಲ್ಲಿ ಒಂದು ಸಂದೇಹ ಮೂಡುವುದು ಸಹಜ. ಮಾರುಕಟ್ಟೆಯಿಂದ ತಂದ ಕಡಲಮೀನನ್ನು ಹೆಚ್ಚುವಾಗ ಹೊಟ್ಟೆಯಲ್ಲೋ ಮಾಂಸದಲ್ಲೋ ಅಕ್ಕಿಕಾಳಿನಂತಹ ಬಿಳಿಯ ಗುಳ್ಳೆಗಳು ಕೆಲವೊಮ್ಮೆ ಕಾಣಿಸುತ್ತವೆ. ಅವುಗಳಲ್ಲಿ ಕೆಲವು ಶಾರ್ಕಿನ ಲಾಡಿಹುಳುವಿನ ಮರಿಗಳಾಗಿರಬಹುದು. ಈ ಹುಳುಗಳು ಮನುಷ್ಯನ ಕರುಳಿನಲ್ಲಿ ನೆಲೆಸಿ ಪ್ರೌಢವಾಗುವಂತಹವಲ್ಲ. ಅವುಗಳಿಗೆ ಶಾರ್ಕಿನ ಅಥವಾ ತೊರಕೆಯ ಕರುಳೇ ಬೇಕು. ಆ ಭಾಗವನ್ನು ತೆಗೆದುಹಾಕಿ ಮೀನನ್ನು ಚೆನ್ನಾಗಿ ಬೇಯಿಸಿದರೆ ಸಾಕು. ಅರೆಬೆಂದ ಮೀನು ಬೇರೆ ಕಾರಣಗಳಿಗಾಗಿಯೂ ಒಳ್ಳೆಯದಲ್ಲ.

ಜಾತಿ ಎಂದರೇನು?

ಜೀವಿಗಳ ವರ್ಗೀಕರಣದಲ್ಲಿ ‘ಜೀನಸ್’ ಎಂಬುದಕ್ಕೆ ಕನ್ನಡದಲ್ಲಿ ‘ಜಾತಿ’ ಎಂದೂ, ‘ಸ್ಪೀಷೀಸ್’ ಎಂಬುದಕ್ಕೆ ‘ಪ್ರಭೇದ’ ಎಂದೂ ಹೇಳುವ ರೂಢಿಯಿದೆ. ಹತ್ತಿರದ ಬಂಧುತ್ವವುಳ್ಳ ಪ್ರಭೇದಗಳ ಗುಂಪೇ ಜಾತಿ. ಕಂಡ ಹುಳು ಈಗಾಗಲೇ ತಿಳಿದಿರುವ ಯಾವುದೋ ಜಾತಿಯ ಲಕ್ಷಣಗಳಿಗೆ ಹೊಂದಿಕೊಂಡು, ಅಳತೆಯಲ್ಲೋ ವೃಷಣಗಳ ಸಂಖ್ಯೆಯಲ್ಲೋ ಮಾತ್ರ ಭಿನ್ನವಾಗಿದ್ದರೆ ಅದು ಹೊಸ ಪ್ರಭೇದ. ತಲೆಯ ರಚನೆಯೇ ಯಾವ ಜಾತಿಯ ವ್ಯಾಖ್ಯೆಗೂ ಒಗ್ಗದಿದ್ದರೆ ಆಗ ಹೊಸ ಜಾತಿಯ ಪ್ರಶ್ನೆ ಉದ್ಭವಿಸುತ್ತದೆ. ಎಷ್ಟು ವ್ಯತ್ಯಾಸವಿದ್ದರೆ ಹೊಸ ಜಾತಿ ಎಂಬುದಕ್ಕೆ ಅಳತೆಗೋಲು ಇಲ್ಲ. ತಜ್ಞರ ವಿವೇಚನೆಗೆ ಇಲ್ಲಿ ಬಹಳ ಅವಕಾಶವಿದೆ, ವಾದವಿವಾದಗಳಿಗೂ ಇದೆ.

ಹೆಸರಿಡುವುದಕ್ಕಾದರೆ ಕಟ್ಟುನಿಟ್ಟಾದ ನಿಯಮಗಳಿವೆ. ಲಿನೇಯಸ್ಸನ ಗ್ರಂಥದ ಹತ್ತನೆಯ ಆವೃತ್ತಿ ಹೊರಬಂದ 1758ರಿಂದ ಪ್ರಾಣಿಗಳ ಹೆಸರುಗಳ ಲೆಕ್ಕ ಆರಂಭವಾಗುತ್ತದೆ. ಅಂತರರಾಷ್ಟ್ರೀಯ ಸಂಹಿತೆಯ ಪ್ರಕಾರ 1930ರ ನಂತರ ಹೊಸ ಜಾತಿಯನ್ನು ಸಾರುವವರು ಅದನ್ನು ಉಳಿದವುಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಶಬ್ದಗಳಲ್ಲಿ ಹೇಳಬೇಕು ಮತ್ತು ಒಂದು ಪ್ರಭೇದವನ್ನು ಆ ಜಾತಿಯ ಮಾದರಿ ಪ್ರಭೇದವೆಂದು ನಿಗದಿಪಡಿಸಬೇಕು. 2000ನೆಯ ಇಸವಿಯಿಂದ ಜಾರಿಗೆ ಬಂದ ನಾಲ್ಕನೆಯ ಆವೃತ್ತಿಯಂತೆ ಹೊಸ ಪ್ರಭೇದಕ್ಕೆ ಆಧಾರವಾದ ಮಾದರಿ ಪ್ರಾಣಿಯನ್ನು ಹೆಸರಿಸಿ, ಅದನ್ನು ಯಾವ ಸಂಗ್ರಹಾಲಯದಲ್ಲಿ ಇರಿಸಲಾಗಿದೆ ಅಥವಾ ಇರಿಸಲಾಗುವುದು ಎಂಬುದನ್ನೂ ತಿಳಿಸಬೇಕು. ಹೀಗೆ ಹೆಸರಿಗೆ ಆಧಾರವಾಗಿ ಒಂದು ಗಾಜಿನ ಫಲಕವೂ ಅದರ ಮೇಲೆ ಬಣ್ಣ ಹಚ್ಚಿ ಅಂಟಿಸಿದ ಒಂದು ಹುಳುವೂ ಉಳಿಯುತ್ತವೆ.

ಮುತ್ತಿನ ಕಡಲಿನಲ್ಲಿ ಆರಂಭ

ಭಾರತ ಮತ್ತು ಶ್ರೀಲಂಕಾದ ಸುತ್ತಲಿನ ಕಡಲಿನ ಶಾರ್ಕ್ ಲಾಡಿಹುಳುಗಳ ಅಧ್ಯಯನ ಆರಂಭವಾದದ್ದು ಮುತ್ತಿನ ಆಸೆಯಿಂದ. ಮನ್ನಾರ್ ಕೊಲ್ಲಿಯ ಮುತ್ತಿನ ಸಿಂಪಿಗಳು ವರ್ಷಗಟ್ಟಲೆ ಕೈಕೊಡುತ್ತಿದ್ದುದರಿಂದ ಕಾರಣವನ್ನು ತಿಳಿಯಲು ಅಂದಿನ ಸಿಂಹಳ ಸರ್ಕಾರವು ಲಿವರ್‌ಪೂಲಿನ ಪ್ರಾಧ್ಯಾಪಕ ಹರ್ಡ್‌ಮನ್ ಅವರನ್ನು ನೇಮಿಸಿತು. ಅವರ ಸಹಾಯಕರಾಗಿ 1902ರಲ್ಲಿ ಬಂದ ಜೇಮ್ಸ್ ಹಾರ್ನೆಲ್ ಮುಂದೆ ಮದರಾಸು ಪ್ರಾಂತದ ಮೀನುಗಾರಿಕಾ ಇಲಾಖೆಯ ನಿರ್ದೇಶಕರಾದರು. ಸಿಂಪಿಯ ಮಾಂಸದಲ್ಲಿ ಅವರಿಗೆ ಲಾಡಿಹುಳುವಿನ ಮರಿಗಳು ಕಂಡವು. ಆ ಮರಿಯ ಸುತ್ತ ಸಿಂಪಿ ಪದರ ಪದರವಾಗಿ ಸ್ರವಿಸಿದ್ದೇ ಮುತ್ತು ಎಂಬ ಸಿದ್ಧಾಂತ ಹುಟ್ಟಿತು. ಶಿಪ್ಲೀ ಮತ್ತು ಹಾರ್ನೆಲ್ 1904ರಲ್ಲಿ ಆ ಹುಳುವಿಗೆ ‘ಯೂನಿಯೊನಿಫ್ಯಾಕ್ಟರ್’ ಅಂದರೆ ‘ಮುತ್ತು ಮಾಡುವವನು’ ಎಂಬ ಪ್ರಭೇದನಾಮವನ್ನೇ ಇಟ್ಟರು. ಇದನ್ನು 1912ರಲ್ಲಿ ಲಿಸ್ಟರ್ ಜೇಮ್ಸನ್ ಬಲವಾಗಿ ಅಲ್ಲಗಳೆದರು.

ಸಿದ್ಧಾಂತ ಬಿದ್ದಿತು, ಅದರ ನೆಪದಲ್ಲಿ ನಡೆದ ಹುಡುಕಾಟ ಉಳಿಯಿತು. ಸಿಂಪಿಯ ಮರಿಹುಳು ಯಾವ ಪ್ರಾಣಿಯಲ್ಲಿ ಪ್ರೌಢವಾಗುತ್ತದೆ ಎಂದು ತಿಳಿಯಲು ಸುತ್ತಲಿನ ಶಾರ್ಕ್ ಮತ್ತು ತೊರಕೆಗಳ ಕರುಳುಗಳನ್ನು ಬಿಚ್ಚಲಾಯಿತು. ಅಲ್ಲಿ ಕಂಡ ಹುಳುಗಳಿಗೆ ಆವರೆಗೆ ಹೆಸರೇ ಇರಲಿಲ್ಲ. 1906ರಲ್ಲಿ ಶಿಪ್ಲೀ ಮತ್ತು ಹಾರ್ನೆಲ್ ‘ಕಾರ್ಪೊಬಾತ್ರಿಯಂ’ ಎಂಬ ಹೊಸ ಜಾತಿಯನ್ನು ಬಿದಿರು ಶಾರ್ಕಿನಿಂದ ವರ್ಣಿಸಿದರು. ಚೀಲದಂತಹ ನಾಲ್ಕು ಹಿಡಿಕೆಗಳು, ಪ್ರತಿಯೊಂದಕ್ಕೂ ತುಟಿಗಳಂತಹ ಮಡಿಕೆಗಳು ಇದರ ಗುರುತು. ಅದೇ ವರ್ಷ ಹದ್ದು ತೊರಕೆಯೊಂದರಿಂದ ಬಂದ ಮತ್ತೊಂದು ಜಾತಿಗೆ ‘ಹಾರ್ನೆಲ್ಲೊಬಾತ್ರಿಯಂ’ ಎಂದು ಹೆಸರಾಯಿತು. ಲೇಖಕರಿಬ್ಬರಲ್ಲಿ ಒಬ್ಬರ ಹೆಸರೇ ಹುಳುವಿಗೆ ಬಂದದ್ದು ಸಂಕೋಚದ ಸಂಗತಿಯಾದರೂ ಅದರ ಪ್ರಭೇದನಾಮ ಸೊಗಸಾಗಿದೆ: ‘ಕೋಬ್ರಾಫಾರ್ಮಿಸ್’, ನಾಗರಹಾವಿನ ಆಕಾರದ್ದು.

ಈ ಕೆಲಸವನ್ನು ಮುಂದುವರಿಸಿದವರು ಥಾಮಸ್ ಸೌತ್‌ವೆಲ್. ಸಿಂಹಳದ ಮುತ್ತಿನ ಕ್ಷೇತ್ರಗಳಲ್ಲಿಯೂ ಅನಂತರ ಬಂಗಾಳದ ಮೀನುಗಾರಿಕಾ ಇಲಾಖೆಯಲ್ಲಿಯೂ ಸೇವೆ ಸಲ್ಲಿಸಿದ ಅವರು 1930ರಲ್ಲಿ ‘ಬ್ರಿಟಿಷ್ ಭಾರತದ ಪ್ರಾಣಿಸಂಕುಲ’ ಮಾಲೆಯ ಲಾಡಿಹುಳು ಸಂಪುಟಗಳನ್ನು ಬರೆದರು. ಅದಕ್ಕೂ ಮೂರು ವರ್ಷ ಮೊದಲು, 1927ರಲ್ಲಿ, ಬಿದಿರು ಶಾರ್ಕಿನ ಕರುಳಿನಲ್ಲಿ ದೊರೆತ ಒಂದು ಪುಟ್ಟ ಹುಳುವಿಗಾಗಿ ಅವರು ‘ಯಾರ್ಕೇರಿಯಾ’ ಎಂಬ ಜಾತಿಯನ್ನು ಸ್ಥಾಪಿಸಿದರು. ಮಾದರಿ ಪ್ರಭೇದದ ಹೆಸರು ‘ಪಾರ್ವಾ’. ಲ್ಯಾಟಿನ್ ಭಾಷೆಯಲ್ಲಿ ಚಿಕ್ಕದು ಎಂದರ್ಥ. ಇದರ ತಲೆಯಿಂದ ನಾಲ್ಕು ತೊಟ್ಟುಗಳು ಹೊರಟು, ಒಂದೊಂದು ತೊಟ್ಟಿನ ತುದಿಯಲ್ಲಿ ಒಂದು ಹಿಡಿಕೆಯೂ ಒಂದು ಜೊತೆ ಕೊಕ್ಕೆಗಳೂ ಇರುತ್ತವೆ. ತೊಟ್ಟು ಮತ್ತು ಕೊಕ್ಕೆಗಳ ಈ ಜೋಡಣೆಯೇ ಹೊಸ ಜಾತಿಗೆ ಆಧಾರವಾಯಿತು.

ಹುಳು ಹಿಡಿದುಕೊಟ್ಟ ತಪ್ಪು

ಬಿದಿರು ಶಾರ್ಕುಗಳು ಕಡಲ ತಳದ ಬಂಡೆ, ಹವಳ, ಕೆಸರುಗಳ ನಡುವೆ ಇರುವ, ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆ ಉದ್ದದ ನಿರುಪದ್ರವಿ ಮೀನುಗಳು. ಮುಂಬಯಿಯ ಬಂದರುಗಳಿಗೂ ಬರುತ್ತವೆ. ಇವುಗಳ ಜಾತಿಗೆ ಕೈಲೊಸಿಲಿಯಂ ಎಂದು ಹೆಸರು. ಹಲವು ಪ್ರಭೇದಗಳ ಮರಿಗಳ ಮೈಮೇಲೆ ಅಡ್ಡಪಟ್ಟೆಗಳಿದ್ದು ಬೆಳೆದಂತೆ ಅಳಿಸಿಹೋಗುತ್ತವೆ. ಹೀಗಾಗಿ ಒಂದು ಪ್ರಭೇದದ ಮರಿ ಇನ್ನೊಂದರಂತೆಯೂ, ಒಂದರ ಪ್ರೌಢ ಮೀನು ಮತ್ತೊಂದರಂತೆಯೂ ತೋರುತ್ತದೆ. ಹಳೆಯ ಲೇಖನಗಳಲ್ಲಿ ಆತಿಥೇಯವೆಂದು ಬರೆದಿರುವ ‘ಕೈಲೊಸಿಲಿಯಂ ಇಂಡಿಕಂ’ ನಿಜವಾಗಿ ಅದೇ ಮೀನಾಗಿತ್ತೇ ಎಂಬುದನ್ನು ಎಷ್ಟೋ ಸಂದರ್ಭಗಳಲ್ಲಿ ಈಗ ಪರೀಕ್ಷಿಸುವಂತಿಲ್ಲ, ಏಕೆಂದರೆ ಹುಳುವನ್ನು ಉಳಿಸಿಕೊಂಡವರು ಮೀನನ್ನು ಉಳಿಸಿಕೊಳ್ಳಲಿಲ್ಲ.

ಯಾರ್ಕೇರಿಯಾ ಜಾತಿಗೆ 1979ರಲ್ಲಿ ದೇಶಮುಖ್ ಅವರು ಭಾರತದಿಂದ ಒಂದು ಪ್ರಭೇದವನ್ನು ಸೇರಿಸಿ, ಜಾತಿಯ ಸ್ಥಾಪಕರ ನೆನಪಿಗೆ ‘ಸೌತ್‌ವೆಲ್ಲಿ’ ಎಂದು ಕರೆದರು. 2007ರಲ್ಲಿ ಅಮೆರಿಕದ ಜನೀನ್ ಕೈರಾ, ಕರ್ಸ್ಟೆನ್ ಜೆನ್ಸನ್ ಮತ್ತು ಅವರ ಸಹೋದ್ಯೋಗಿ ಬೋರ್ನಿಯೊ ಹಾಗೂ ಆಸ್ಟ್ರೇಲಿಯಾದ ಬಿದಿರು ಶಾರ್ಕುಗಳಿಂದ ಒಮ್ಮೆಗೇ ಏಳು ಹೊಸ ಯಾರ್ಕೇರಿಯಾ ಪ್ರಭೇದಗಳನ್ನು ವರ್ಣಿಸಿದರು. ಒಂದೊಂದು ಪ್ರಭೇದದ ಹುಳುವೂ ತನ್ನ ಶಾರ್ಕಿಗೆ ಎಷ್ಟು ನಿಷ್ಠವಾಗಿದೆಯೆಂದರೆ, ಮೀನನ್ನು ಗುರುತಿಸುವಲ್ಲಿ ಆಗಿದ್ದ ಗೊಂದಲವನ್ನು ತಿಳಿಯಲು ಹುಳುವೇ ಸಾಕ್ಷಿಯಾಯಿತು. ಆ ಲೇಖನದ ಶೀರ್ಷಿಕೆಯಲ್ಲಿಯೇ ಶಾರ್ಕಿನ ಗುರುತಿಸುವಿಕೆಯ ವಿಚಾರವೂ ಸೇರಿದೆ. ಹೊರಗಿನಿಂದ ಒಂದೇ ಬಗೆಯಾಗಿ ತೋರುವ ಮೀನುಗಳ ಕರುಳಿನಲ್ಲಿ ಬೇರೆ ಬೇರೆ ಯಾರ್ಕೇರಿಯಾಗಳು ಇದ್ದರೆ, ಮೀನನ್ನು ಮತ್ತೊಮ್ಮೆ ನೋಡಬೇಕು.

2012ರಲ್ಲಿ ಪ್ರಕಟವಾದ ನೇಲರ್ ಮತ್ತು ಸಂಗಡಿಗರ ಅಧ್ಯಯನ ಈ ಸಂದೇಹವನ್ನು ಇನ್ನೂ ವಿಸ್ತರಿಸಿತು. ಪ್ರಪಂಚದ ನಾನಾ ಕಡೆಗಳ 4,283 ಶಾರ್ಕ್ ಮತ್ತು ತೊರಕೆಗಳ ಡಿಎನ್‌ಎಯನ್ನು ಹೋಲಿಸಿದಾಗ 574 ಪ್ರಭೇದಗಳು ಕಂಡವು. ಅವುಗಳಲ್ಲಿ 79 ವಿಜ್ಞಾನಕ್ಕೆ ಹೊಸವಾಗಿರಬಹುದು ಎಂದು ಲೇಖಕರು ತಿಳಿಸಿದರು. ಪ್ರಯೋಗಶಾಲೆಗಳ ಚಿರಪರಿಚಿತ ಸ್ಕೋಲಿಯೊಡಾನ್ ಕೂಡ ಈ ಮರುಪರಿಶೀಲನೆಯಿಂದ ತಪ್ಪಿಸಿಕೊಂಡಿಲ್ಲ. ಒಂದೇ ಪ್ರಭೇದವೆಂದು ಬಹುಕಾಲ ನಂಬಿದ್ದ ಅದರಲ್ಲಿ ಪಶ್ಚಿಮ ಶಾಂತಸಾಗರದ ಮೀನು ಪ್ರತ್ಯೇಕ ಪ್ರಭೇದವೆಂದು 2010ರಲ್ಲಿ ತೋರಿಸಲಾಯಿತು.

ಇಂದು ನಡೆಯುವ ರೀತಿ

ಈ ಅನುಭವಗಳಿಂದಾಗಿ ಕಾರ್ಯವಿಧಾನವೇ ಬದಲಾಗಿದೆ. ದೋಣಿ ದಡ ಸೇರಿದ ಕೂಡಲೇ ಶಾರ್ಕಿನ ಛಾಯಾಚಿತ್ರ, ಅಳತೆ ಮತ್ತು ಮಾಂಸದ ಒಂದು ತುಣುಕನ್ನು ತೆಗೆದುಕೊಳ್ಳಲಾಗುತ್ತದೆ. ಅನಂತರವೇ ಕರುಳನ್ನು ಉದ್ದಕ್ಕೆ ಸೀಳಲಾಗುತ್ತದೆ. ಮೀನು ಸತ್ತ ಮೇಲೆ ಹುಳುಗಳು ಬೇಗನೆ ಹದಗೆಡುವುದರಿಂದ ಇಲ್ಲಿ ವಿಳಂಬ ಸಲ್ಲದು. ಕೆಲವು ಹುಳುಗಳು ಫಾರ್ಮಲಿನ್‌ಗೂ ಕೆಲವು ಆಲ್ಕೊಹಾಲಿಗೂ ಸೇರುತ್ತವೆ. ಮೊದಲನೆಯವು ಅಂಗರಚನೆಗೆ, ಎರಡನೆಯವು ಡಿಎನ್‌ಎ ಪರೀಕ್ಷೆಗೆ. ಫಾರ್ಮಲಿನ್ ಕಂಡ ಹುಳುವಿನಿಂದ ಡಿಎನ್‌ಎ ಪಡೆಯುವುದು ಬಹಳ ಕಷ್ಟ. ಬಣ್ಣ ಹಾಕಿ, ನೀರಿನಂಶ ತೆಗೆದು, ಪಾರದರ್ಶಕಗೊಳಿಸಿ, ಕೆನಡಾ ಬಾಲ್ಸಮ್ಮಿನಲ್ಲಿ ಗಾಜಿನ ಫಲಕಕ್ಕೆ ಅಂಟಿಸುವ ವಿಧಾನ ನೂರು ವರ್ಷಗಳಿಂದ ಹೆಚ್ಚೇನೂ ಬದಲಾಗಿಲ್ಲ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಜೊತೆಯಾಗಿದೆ. ತಲೆಯ ಮೇಲಿನ ಅತಿ ಸೂಕ್ಷ್ಮ ರೋಮಗಳ ಆಕಾರವೂ ಈಗ ಜಾತಿನಿರ್ಣಯದಲ್ಲಿ ಲೆಕ್ಕಕ್ಕೆ ಬರುತ್ತದೆ.

ಭಾರತದ ಪಶ್ಚಿಮ ಕರಾವಳಿಯ ಶಾರ್ಕ್ ಮತ್ತು ತೊರಕೆಗಳಿಂದ ಕಳೆದ ಶತಮಾನದ ಉತ್ತರಾರ್ಧದಲ್ಲಿ ಹಲವಾರು ಹೊಸ ಪ್ರಭೇದಗಳನ್ನೂ ಜಾತಿಗಳನ್ನೂ ಪ್ರಕಟಿಸಲಾಗಿದೆ. ಆ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಅವುಗಳಲ್ಲಿ ಅನೇಕ ಹೆಸರುಗಳು ಇಂದು ಸಂದೇಹದ ಪಟ್ಟಿಯಲ್ಲಿವೆ. ರೇಖಾಚಿತ್ರ ಸ್ಪಷ್ಟವಿಲ್ಲದಿರುವುದು, ಆತಿಥೇಯದ ಹೆಸರು ಖಚಿತವಿಲ್ಲದಿರುವುದು, ಮಾದರಿ ಹುಳು ಸಾರ್ವಜನಿಕ ಸಂಗ್ರಹಾಲಯದಲ್ಲಿ ಇಲ್ಲದಿರುವುದು ಇದಕ್ಕೆ ಕಾರಣ. ಹೆಸರು ನಿಯಮಬದ್ಧವಾಗಿ ಬದುಕಿರುತ್ತದೆ. ಅದು ಯಾವ ಹುಳುವಿನ ಹೆಸರು ಎಂಬುದೇ ತಿಳಿಯುವುದಿಲ್ಲ. ಅಂತಹ ಹೆಸರು ಮುಂದಿನವರ ದಾರಿಗೆ ಅಡ್ಡಬಿದ್ದ ಮರದಂತೆ. ಸರಿಪಡಿಸಬೇಕಾದರೆ ಅದೇ ಕರಾವಳಿಯ ಅದೇ ಪ್ರಭೇದದ ಶಾರ್ಕಿನಿಂದ ಹುಳುವನ್ನು ಹೊಸದಾಗಿ ಸಂಗ್ರಹಿಸಿ ಮರುವರ್ಣನೆ ಮಾಡುವುದೇ ಉಳಿದಿರುವ ಮಾರ್ಗ.

2002ರ ಜೀವವೈವಿಧ್ಯ ಕಾಯ್ದೆಯ 39ನೆಯ ಪ್ರಕರಣವು ಈ ಲೋಪಕ್ಕೆ ಒಂದು ತಡೆಯನ್ನು ಒದಗಿಸಿದೆ. ಹೊಸ ಜೀವಿಯನ್ನು ಕಂಡುಹಿಡಿದ ಯಾವುದೇ ವ್ಯಕ್ತಿಯು ಅದನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಗಳನ್ನು ಅಲ್ಲಿ ಒಪ್ಪಿಸಬೇಕೆಂದು ಅದು ವಿಧಿಸುತ್ತದೆ. ಪ್ರಾಣಿಗಳ ಮಟ್ಟಿಗೆ ಇಂತಹ ಸಂಗ್ರಹಾಲಯಗಳಲ್ಲಿ ಪ್ರಮುಖವಾದುದು 1916ರಲ್ಲಿ ಸ್ಥಾಪನೆಯಾದ, ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯುಳ್ಳ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ. ಇದರ ಪಶ್ಚಿಮ ಪ್ರಾದೇಶಿಕ ಕೇಂದ್ರ ಪುಣೆಯಲ್ಲಿದೆ.

ಕಾಲದೊಡನೆ ಪೈಪೋಟಿ

ಮರುವರ್ಣನೆಗೆ ಶಾರ್ಕ್ ಬೇಕು. 2021ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದಲ್ಲಿ 1,199 ಶಾರ್ಕ್, ತೊರಕೆ ಮತ್ತು ಅವುಗಳ ಬಂಧುಗಳ ಪೈಕಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪ್ರಭೇದಗಳು ಅಳಿವಿನ ಅಪಾಯದಲ್ಲಿವೆಯೆಂದು ಅಂದಾಜಿಸಲಾಯಿತು. ಮುಖ್ಯ ಕಾರಣ ಮಿತಿಮೀರಿದ ಮೀನುಗಾರಿಕೆ. ಶಾರ್ಕುಗಳು ತಡವಾಗಿ ಪ್ರೌಢವಾಗಿ ಕೆಲವೇ ಮರಿಗಳನ್ನು ಹಾಕುವುದರಿಂದ ಕುಸಿದ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಒಂದೇ ಶಾರ್ಕ್ ಪ್ರಭೇದವನ್ನು ನಂಬಿರುವ ಲಾಡಿಹುಳುವಿಗೆ ಬೇರೆ ಆಸರೆಯಿಲ್ಲ. ಶಾರ್ಕ್ ಅಳಿದರೆ ಅದರ ಹುಳುವೂ ಅಳಿಯುತ್ತದೆ. ಶಾರ್ಕ್ ಪೂರ್ತಿ ಅಳಿಯುವ ಮೊದಲೇ, ಸಂಖ್ಯೆ ವಿರಳವಾದಾಗ, ಮೊಟ್ಟೆಯಿಂದ ಮೀನಿಗೆ ಮೀನಿನಿಂದ ಶಾರ್ಕಿಗೆ ಸಾಗುವ ಸರಪಳಿ ಕಡಿದು ಹುಳು ಮೊದಲು ಮರೆಯಾಗುವ ಸಂಭವವೂ ಇದೆ.

ಭಾರತ ಸರ್ಕಾರವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ತಿಮಿಂಗಿಲ ಶಾರ್ಕ್ ಸೇರಿದಂತೆ ಹತ್ತು ಶಾರ್ಕ್ ಮತ್ತು ತೊರಕೆ ಪ್ರಭೇದಗಳನ್ನು ಸೇರಿಸಿತು. 2013ರಲ್ಲಿ ರೆಕ್ಕೆ ಮಾತ್ರ ಕತ್ತರಿಸಿ ದೇಹವನ್ನು ಕಡಲಿಗೆ ಎಸೆಯುವುದನ್ನು ತಡೆಯುವ ನೀತಿಯೂ, 2015ರಲ್ಲಿ ಶಾರ್ಕ್ ರೆಕ್ಕೆಗಳ ರಫ್ತಿಗೆ ನಿಷೇಧವೂ ಬಂದವು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸಂರಕ್ಷಿತ ಪ್ರಭೇದಗಳ ಪಟ್ಟಿ ಇನ್ನಷ್ಟು ಬೆಳೆಯಿತು. ಪಟ್ಟಿಯಲ್ಲಿರುವ ಶಾರ್ಕ್ ಬಲೆಯಲ್ಲಿ ಸತ್ತು ಬಂದರೂ ಅದರ ಕರುಳನ್ನು ಪರೀಕ್ಷಿಸಲು ಸಂಶೋಧಕರಿಗೆ ಅನುಮತಿ ಬೇಕು. ಇದು ಅವರಿಗೆ ತೊಡಕೇ ಸರಿ. ಆದರೆ ಶಾರ್ಕ್ ಉಳಿಯದಿದ್ದರೆ ಅನುಮತಿ ಕೇಳುವ ಪ್ರಸಂಗವೇ ಬರುವುದಿಲ್ಲ.

ಸ್ಕೋಲಿಯೊಡಾನ್ ಮತ್ತು ಬಿದಿರು ಶಾರ್ಕುಗಳಂತಹ ಸಾಮಾನ್ಯ ಮೀನುಗಳ ಮಟ್ಟಿಗೆ ಇನ್ನೂ ಅವಕಾಶವಿದೆ. ಅವು ಮುಂಬಯಿಯ ಸಸೂನ್ ಡಾಕ್ ಮತ್ತು ಭಾವುಚಾ ಧಕ್ಕಾಗಳಲ್ಲಿ ಇಳಿದು, ಮಂಜುಗಡ್ಡೆಯ ಬುಟ್ಟಿಗಳಲ್ಲಿ ಒಳನಾಡಿನ ಪೇಟೆಗಳಿಗೆ ಸಾಗುತ್ತವೆ. ಕಲ್ಯಾಣದ ಅಥವಾ ಡೊಂಬಿವಲಿಯ ಮಾರುಕಟ್ಟೆಯನ್ನು ತಲುಪುವ ವೇಳೆಗೆ ಮೀನು ಅಡುಗೆಗೆ ಯೋಗ್ಯವಾಗಿಯೇ ಇರುತ್ತದೆ, ಹುಳು ಮಾತ್ರ ಸೂಕ್ಷ್ಮದರ್ಶಕಕ್ಕೆ ಯೋಗ್ಯವಾಗಿರುವುದಿಲ್ಲ. ಆದ್ದರಿಂದ ಲಾಡಿಹುಳುವಿನ ಸಂಶೋಧಕರು ನಸುಕಿನಲ್ಲಿಯೇ ಧಕ್ಕೆಗೆ ಹೋಗಿ, ಹರಾಜಿಗೆ ಮೊದಲು, ಬುಟ್ಟಿಯ ಪಕ್ಕದಲ್ಲಿ ನಿಲ್ಲಬೇಕಾಗುತ್ತದೆ.